ಕಡಲಕುದುರೆಯ ಅಪ್ಪನನ್ನು ಸ್ವಲ್ಪ ಬಿಟ್ಟುಬಿಡಿ

ಜೂನ್‌ನಲ್ಲಿ ಅಪ್ಪಂದಿರ ದಿನ ಬಂತೆಂದರೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಕಡಲಕುದುರೆ ಬಂದೇ ಬರುತ್ತದೆ. ಹೊಟ್ಟೆ ಉಬ್ಬಿಸಿಕೊಂಡ ಮೀನಿನ ಚಿತ್ರ, ಹಿಂದೆ ನೀಲಿ ನೀರು, ಕೆಳಗೆ 'ಜಗತ್ತಿನ ಅತಿ ಒಳ್ಳೆಯ ಅಪ್ಪ' ಅಂತ ದಪ್ಪಕ್ಷರ. ಚಿಕ್ಕಪ್ಪ ಕೈಮುಗಿಯುವ ಎಮೋಜಿ ಹಾಕುತ್ತಾರೆ. ಸೋದರತ್ತೆ ನನ್ನನ್ನೇ ಹಿಡಿದು ಕೇಳುತ್ತಾರೆ, 'ನೀನು ಝುವಾಲಜಿ ಮೇಡಂ ಅಲ್ವೇನೇ, ಇದು ನಿಜಾನಾ?'

'ನಿಜ ಅತ್ತೆ' ಅಂತ ಬರೆದು ಸುಮ್ಮನಾಗುತ್ತೇನೆ. ಉಳಿದದ್ದನ್ನು ಹೇಳಲು ಹೊರಟರೆ ಗ್ರೂಪಿನಲ್ಲಿ ಕೇಳುವವರಿಲ್ಲ. ಗಂಡು ಕಡಲಕುದುರೆ ಬಸಿರಾಗುತ್ತದೆ, ಹೆರುತ್ತದೆ. ಅಷ್ಟರ ಮಟ್ಟಿಗೆ ಫಾರ್ವರ್ಡ್ ಸರಿ. ಅದರ ಜೊತೆಗೆ ಕೊಡುವ ಸರ್ಟಿಫಿಕೇಟ್ ಮಾತ್ರ ನನಗೆ ಒಗ್ಗುವುದಿಲ್ಲ. ಆದರ್ಶ ಅಪ್ಪ, ಏಕಪತ್ನೀವ್ರತಸ್ಥ ಅಂತೆಲ್ಲ ಹಾರ ಹಾಕಿ ಕೂರಿಸಿದ ಮೇಲೆ, ಅದು ಎಂಥ ವಿಚಿತ್ರ ಮೀನು ಅಂತ ಯಾರೂ ತಿರುಗಿ ನೋಡುವುದಿಲ್ಲ. ಗ್ರೂಪಿನಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಬೆಂಗಳೂರಿಗೆ ಕಡಲಿಲ್ಲ. ಇಲ್ಲಿ ಡಿಗ್ರಿಯಲ್ಲಿ ಝುವಾಲಜಿ ಓದಿದವರಿಗೆ ಕಡಲಕುದುರೆ ಅಂದರೆ 'ಸ್ಪಾಟರ್'. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಗುರುತಿಸಬೇಕು, ನಾಲ್ಕು ಸಾಲು ಬರೆಯಬೇಕು, ಗಂಟೆ ಹೊಡೆದರೆ ಮುಂದಿನ ಬಾಟಲಿಗೆ ಹೋಗಬೇಕು. ಹಾರುವ ಮೀನನ್ನೂ ಎಕೆನೀಸ್ ಎಂಬ ಮೀನನ್ನೂ ತಿರುವುಮುರುವು ಮಾಡುವ ಹುಡುಗರು ಹಿಪೊಕ್ಯಾಂಪಸ್ಸನ್ನು, ಅಂದರೆ ಕಡಲಕುದುರೆಯನ್ನು, ಮಾತ್ರ ತಪ್ಪಿಸುವುದಿಲ್ಲ. ಸುತ್ತಿಕೊಳ್ಳುವ ಬಾಲ, ಮೂಳೆ ಉಂಗುರ, ಕುದುರೆ ಮುಖ, ಗಂಡಿಗೆ ಮರಿಚೀಲ. ಮುಗಿಯಿತು. ಮಾರ್ಕು ಬಂತು.

ನಮ್ಮ ಲ್ಯಾಬಿನ ಬಾಟಲಿ ನನ್ನ ಸರ್ವೀಸಿಗಿಂತ ಹಳೆಯದು. ಮೀನನ್ನು ಗಾಜಿನ ಪಟ್ಟಿಗೆ ಬಿಳಿ ದಾರದಿಂದ ಕಟ್ಟಿದ್ದಾರೆ. ಫಾರ್ಮಲಿನ್ ಹಳದಿಗೆ ತಿರುಗಿದಾಗ ಅಟೆಂಡರ್ ಅದನ್ನು ಬದಲಾಯಿಸುತ್ತಾರೆ. ಆಗ ಗ್ಲೌಸ್ ಹಾಕಿಕೊಂಡು ಮೀನನ್ನು ಟ್ರೇಗೆ ತೆಗೆದು ನೋಡುವುದು ನನಗೆ ಇಷ್ಟ. ಮೈಮೇಲೆ ಒಂದು ಹುರುಪೆಯೂ ಇಲ್ಲ. ತೆಳು ಚರ್ಮ, ಅದರಡಿಯಲ್ಲಿ ಒಂದರ ಮೇಲೊಂದು ಮೂಳೆಯ ಉಂಗುರ. ಉಂಗುರ ಸೇರುವ ಕಡೆಯಲ್ಲೆಲ್ಲ ಒಂದು ಸಣ್ಣ ಗುಬುಟು ಬೆರಳಿಗೆ ತಾಗುತ್ತದೆ. ಬಾಲವನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಲು ನೋಡಿದರೆ ಅದು ಹೊರಳುವುದಿಲ್ಲ, ಮೂಲೆ ಸಿಕ್ಕಿ ನಿಲ್ಲುತ್ತದೆ. ಯಾಕೆಂದರೆ ಆ ಬಾಲ ದುಂಡಗಿಲ್ಲ. ಅಡ್ಡ ಕೊಯ್ದರೆ ಚೌಕ.

ಇದನ್ನು ಹುಡುಗರಿಗೆ ಮುಟ್ಟಿಸಿ ತೋರಿಸಿದಾಗ ಕಣ್ಣರಳಿಸುತ್ತಾರೆ. ಕೋತಿಯ ಬಾಲವಿರಲಿ, ಹಾವಿರಲಿ, ಸುತ್ತಿಕೊಳ್ಳುವ ಅಂಗವೆಲ್ಲ ಸಾಮಾನ್ಯವಾಗಿ ದುಂಡಗೇ ಇರುತ್ತದೆ. ಇದಕ್ಕೆ ಮಾತ್ರ ಯಾಕೆ ಚೌಕ? 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೇ ಪ್ರಶ್ನೆ ಹಿಡಿದು ಕೂತಿತ್ತು. ಬಾಲದ ಪ್ರತಿ ಉಂಗುರದಲ್ಲೂ ಇಂಗ್ಲಿಷಿನ ಎಲ್ ಆಕಾರದ ನಾಲ್ಕು ಮೂಳೆ ತಟ್ಟೆಗಳಿವೆ. ಸಂಶೋಧಕರು 3ಡಿ ಪ್ರಿಂಟರ್‌ನಲ್ಲಿ ಒಂದು ಚೌಕ ಬಾಲ, ಒಂದು ದುಂಡು ಬಾಲ ಮಾಡಿ ಎರಡನ್ನೂ ತಿರುಚಿದರು, ಬಗ್ಗಿಸಿದರು, ಸುತ್ತಿಗೆಯಿಂದಲೂ ಹೊಡೆದರು. ಒತ್ತಡ ಬಿದ್ದಾಗ ಚೌಕದ ತಟ್ಟೆಗಳು ಒಂದರ ಮೇಲೊಂದು ಜಾರಿ, ಒತ್ತಡ ಹೋದ ಮೇಲೆ ಮತ್ತೆ ಸ್ವಸ್ಥಾನಕ್ಕೆ ಬಂದವು. ದುಂಡು ಬಾಲಕ್ಕೆ ಅಷ್ಟು ತಾಳಿಕೆ ಇರಲಿಲ್ಲ. ಹಿಡಿತವೂ ಚೌಕಕ್ಕೇ ಜಾಸ್ತಿ, ಯಾಕೆಂದರೆ ಕಡಲ ಹುಲ್ಲಿನ ಕಡ್ಡಿಗೆ ಸುತ್ತಿಕೊಂಡಾಗ ತಾಗುವ ಜಾಗ ಹೆಚ್ಚು.

ಹಿಡಿತ ಅದಕ್ಕೆ ಬೇಕೇ ಬೇಕು, ಈಜು ಅಷ್ಟಕ್ಕಷ್ಟೆ. ಬಾಲದ ರೆಕ್ಕೆ ಇಲ್ಲ. ಹೊಟ್ಟೆ ಕೆಳಗಿನ ರೆಕ್ಕೆ ಇಲ್ಲ. ಬೆನ್ನ ಮೇಲಿನ ಒಂದು ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ 30ಕ್ಕೂ ಹೆಚ್ಚು ಸಲ ಬಡಿದು ನೆಟ್ಟಗೆ ನಿಂತ ಭಂಗಿಯಲ್ಲೇ ಮುಂದೆ ಸಾಗುತ್ತದೆ. ತಿರುಗಲು ಕೆನ್ನೆಯ ಹತ್ತಿರದ ಎರಡು ರೆಕ್ಕೆ. ಅಟ್ಲಾಂಟಿಕ್‌ನ ಕುಬ್ಜ ಕಡಲಕುದುರೆ ಗಂಟೆಗೆ ಒಂದೂವರೆ ಮೀಟರ್ ಸಾಗುತ್ತದೆ ಎನ್ನುತ್ತಾರೆ. ಜಗತ್ತಿನ ಅತಿ ನಿಧಾನದ ಮೀನು ಎಂಬ ಬಿರುದು ಅದಕ್ಕೇ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಜೋಕು ಇಲ್ಲಿ ಬೇಡ, ಕ್ಲಾಸಿನಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳುತ್ತಾರೆ.

ಹಲ್ಲೂ ಇಲ್ಲ, ಜಠರವೂ ಇಲ್ಲ. ತಿಂದದ್ದು ನೇರ ಕರುಳಿಗೆ. ಕೂಡಿಡಲು ಜಾಗವೇ ಇಲ್ಲದ್ದರಿಂದ ಎಚ್ಚರ ಇರುವಷ್ಟು ಹೊತ್ತೂ ತಿನ್ನುತ್ತಿರಬೇಕು. ಓಡಲಾರದ ಮೀನು ದಿನವಿಡೀ ಬೇಟೆಯಾಡಬೇಕು ಅಂದರೆ ಹೇಗೆ?

ಇದಕ್ಕೆ ಉತ್ತರದ ಒಂದು ತುದಿ ಬೆಂಗಳೂರಿನ ಕೆರೆಯಲ್ಲೇ ಇದೆ. ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳ ಪಾಠಕ್ಕೆ ಹುಡುಗರನ್ನು ಕೆರೆಗೆ ಕರೆದುಕೊಂಡು ಹೋಗುತ್ತೇವೆ. ನುಣುಪು ಬಟ್ಟೆಯ ಬಲೆಯಲ್ಲಿ ನೀರು ಸೋಸಿ, ಉಳಿದದ್ದನ್ನು ಪೆಟ್ರಿ ಡಿಶ್ಶಿಗೆ ಸುರಿದರೆ ಅದರಲ್ಲಿ ಸೈಕ್ಲಾಪ್ಸ್ ಇರುತ್ತದೆ. ಒಂದೇ ಕಣ್ಣಿನ, ಚುಕ್ಕಿಯಷ್ಟು ದೊಡ್ಡ ಜೀವಿ. ಹೆಣ್ಣಿಗೆ ಎರಡೂ ಕಡೆ ಮೊಟ್ಟೆಚೀಲ ನೇತಾಡುತ್ತಿರುತ್ತದೆ. (ನಾರುಹುಣ್ಣು ಹರಡುತ್ತಿದ್ದ ಸೈಕ್ಲಾಪ್ಸ್ ಇದೇ. ಉತ್ತರ ಕರ್ನಾಟಕದ ಹಿರಿಯರಿಗೆ ಆ ಹುಳು ಗೊತ್ತು. ಭಾರತ ಅದರಿಂದ ಪಾರಾಯಿತು ಎಂದು 2000ದಲ್ಲಿ ಘೋಷಣೆಯಾಯಿತು.) ಈ ಸೈಕ್ಲಾಪ್ಸನ್ನು ಸ್ಲೈಡಿಗೆ ಹಾಕಲು ಡ್ರಾಪರ್‌ನಿಂದ ಹೀರಿ ನೋಡಿ. ತುದಿ ಹತ್ತಿರ ಹೋಗುವಷ್ಟರಲ್ಲಿ ಚಕ್ಕನೆ ಜಿಗಿದು ಇನ್ನೊಂದು ಮೂಲೆ ಸೇರಿರುತ್ತದೆ. ನೀರು ಒಂದಿಷ್ಟು ಅಲುಗಿದರೂ ಅದರ ಮೀಸೆಗೆ ಗೊತ್ತಾಗುತ್ತದೆ. ನಮ್ಮ ಹುಡುಗರು ಡ್ರಾಪರ್ ಹಿಡಿದು ಒದ್ದಾಡುವುದನ್ನು ನೋಡುವುದೇ ಒಂದು ಮಜಾ.

ಸೈಕ್ಲಾಪ್ಸ್ ಕೋಪಿಪಾಡ್ ಗುಂಪಿನದು. ಅದರ ಕಡಲ ನೆಂಟರೇ ಕಡಲಕುದುರೆಯ ಮುಖ್ಯ ಆಹಾರ. ಅಪಾಯದ ಸುಳಿವು ಸಿಕ್ಕ ಎರಡು ಮೂರು ಮಿಲಿಸೆಕೆಂಡಿನಲ್ಲಿ ಇವು ಜಿಗಿದುಬಿಡುತ್ತವೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಕುಬ್ಜ ಕಡಲಕುದುರೆ ಬೇಟೆಯಾಡುವುದನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು 2013ರಲ್ಲಿ ಪ್ರಕಟಿಸಿದರು. ನಿಂತ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಸಲ ಬೇಟೆ ಬಾಯಿಗೆ ಬಿದ್ದಿತ್ತು. ಗುಟ್ಟು ಮುಖದಲ್ಲಿದೆ. ಉದ್ದ ಮೂತಿಯ ತುದಿಯ ಸುತ್ತ ನೀರು ಹೆಚ್ಚು ಕದಲದ ಹಾಗೆ ಆ ತಲೆಯ ಆಕಾರವಿದೆ. ಮೀನು ತಲೆ ಬಗ್ಗಿಸಿ, ಮೆಲ್ಲಗೆ, ಇನ್ನೂ ಮೆಲ್ಲಗೆ ಹತ್ತಿರ ಬರುತ್ತದೆ. ಬೇಟೆಗೂ ಮೂತಿಗೂ ಮಿಲಿಮೀಟರ್‌ನಷ್ಟು ಅಂತರ ಉಳಿದಾಗ ಕತ್ತಿನ ಸ್ನಾಯುರಜ್ಜುಗಳಲ್ಲಿ ಮೊದಲೇ ಬಿಗಿದಿಟ್ಟ ಬಲ ಬಿಟ್ಟುಕೊಳ್ಳುತ್ತದೆ. ತಲೆ ಮೇಲಕ್ಕೆ ಚಿಮ್ಮುತ್ತದೆ, ಬಾಯಿ ಹೀರುತ್ತದೆ. ಎಲ್ಲ ಒಂದು ಮಿಲಿಸೆಕೆಂಡಿನೊಳಗೆ. ಅಂದರೆ ಅತಿ ನಿಧಾನದ ಈ ಮೀನು ಬಾಯಿ ಹಾಕುವ ವಿಷಯದಲ್ಲಿ ಅತಿ ವೇಗದವುಗಳಲ್ಲಿ ಒಂದು.

ಕುತ್ತಿಗೆ ಬಾಗಿರುವುದಕ್ಕೂ ಇದೇ ಕಾರಣ ಇರಬೇಕು. ಇದರ ನೆಂಟನಾದ, ನೆಟ್ಟಗಿನ ಪೈಪ್‌ಫಿಶ್‌ಗಿಂತ ಬಾಗಿದ ಕತ್ತಿನ ಕಡಲಕುದುರೆ ಇನ್ನಷ್ಟು ದೂರದ ಬೇಟೆಗೆ ಬಾಯಿ ಚಾಚಬಲ್ಲದು ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ. ಬೆನ್ನಟ್ಟುವ ಮೀನಿಗೆ ಅದು ದೊಡ್ಡ ವಿಷಯವಲ್ಲ. ಹುಲ್ಲಿಗೆ ಬಾಲ ಸುತ್ತಿ ಕೂತಲ್ಲೇ ಕಾಯುವ ಮೀನಿಗೆ ಅದೇ ಅನ್ನ. ನಾವು ಮುದ್ದು ಎನ್ನುವ ಕುದುರೆ ಮುಖ ಹೊಂಚು ಹಾಕುವ ಕೊಲೆಗಾರನ ಸಲಕರಣೆ. ಅಪ್ಪಂದಿರ ದಿನದ ಚಿತ್ರದಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಇನ್ನು ಅಪ್ಪನ ವಿಷಯಕ್ಕೆ ಬರೋಣ.

ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಚೀಲಕ್ಕೆ ಇಳಿಸುತ್ತದೆ. ಗಂಡು ಅಲ್ಲಿ ಫಲ ಕಟ್ಟಿಸಿ, ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಚೀಲ ಅಂದರೆ ಸುಮ್ನೆ ಮೊಟ್ಟೆ ಇಟ್ಟುಕೊಳ್ಳುವ ಜೇಬಲ್ಲ. ಒಳಗೋಡೆ ದಪ್ಪವಾಗಿ, ರಕ್ತನಾಳ ತುಂಬಿ, ಒಂದೊಂದು ಮೊಟ್ಟೆಯೂ ಅದರಲ್ಲಿ ಹುದುಗುತ್ತದೆ. ಆಮ್ಲಜನಕ ಬರುತ್ತದೆ, ಕಸ ಹೋಗುತ್ತದೆ, ಕೊಬ್ಬಿನಂಥ ಪೋಷಕಾಂಶವೂ ಸೇರುತ್ತದೆ. ಹಾಗಂತ ಅಮ್ಮನ ಪಾಲು ಕಡಿಮೆಯಲ್ಲ. ಮರಿಯ ಮುಖ್ಯ ಬುತ್ತಿ ಮೊಟ್ಟೆಯ ಹಳದಿಯೇ, ಅದನ್ನು ಕಟ್ಟಿಕೊಟ್ಟವಳು ಅವಳು. ಫಾರ್ವರ್ಡ್‌ಗಳಲ್ಲಿ ಅವಳ ಹೆಸರೇ ಇರುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಚೀಲದೊಳಗಿನ ಉಪ್ಪಿನ ಲೆಕ್ಕ. ಮೊದಲಿಗೆ ಆ ದ್ರವ ಅಪ್ಪನ ರಕ್ತದಷ್ಟೇ ಉಪ್ಪು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಕಡಲ ನೀರಿನತ್ತ ಸರಿಯುತ್ತದೆ. ಹುಟ್ಟುವ ಹೊತ್ತಿಗೆ ಮರಿಗೆ ಹೊರಗಿನ ಉಪ್ಪು ಹೊಸದಲ್ಲ. ಜಾತಿ ಮತ್ತು ನೀರಿನ ಬಿಸಿ ನೋಡಿಕೊಂಡು ಎರಡರಿಂದ ನಾಲ್ಕು ವಾರ ಇದು ನಡೆಯುತ್ತದೆ. ಆಮೇಲೆ ಹೆರಿಗೆ. ಗಂಡು ಮೈಯನ್ನು ಮುಂದಕ್ಕೂ ಹಿಂದಕ್ಕೂ ಬಾಗಿಸಿ, ಚೀಲ ಹಿಂಡಿ, ಮರಿಗಳನ್ನು ಹೊರಗೆ ಚಿಮ್ಮುತ್ತದೆ. ಮನುಷ್ಯರ ಗರ್ಭಕೋಶದಲ್ಲಿ ನಮ್ಮ ಮಾತು ಕೇಳದ ನಯ ಸ್ನಾಯು ಇರುತ್ತದೆ, ಆಕ್ಸಿಟೋಸಿನ್ ಹೇಳಿದಂತೆ ಅದು ಹಿಂಡುತ್ತದೆ. ಕಡಲಕುದುರೆಯ ಚೀಲದ ಗೋಡೆಯಲ್ಲಿ ಆ ಸ್ನಾಯು ಬಹಳ ಕಮ್ಮಿ, ಅಂಥ ಹಾರ್ಮೋನಿಗೆ ಅದು ಜಗ್ಗುವುದೂ ಇಲ್ಲ ಅಂತ ಆಸ್ಟ್ರೇಲಿಯದ ಸಂಶೋಧಕರು 2022ರಲ್ಲಿ ಕಂಡರು. ಅದರ ಬದಲು ಚೀಲದ ಬಾಯಿಯ ಹತ್ತಿರ, ಗುದದ ರೆಕ್ಕೆಯ ಮೂಳೆಗೆ ಅಂಟಿದ, ಬೇಕೆಂದಾಗ ಆಡಿಸಬಲ್ಲ ಸ್ನಾಯುಗಳಿವೆ. ಬಸಿರು ಒಂದೇ, ಹೆರಿಗೆಯ ಯಂತ್ರವೇ ಬೇರೆ.

ಹುಟ್ಟಿದ ಮರಿಗಳಿಗೆ ಅಪ್ಪ ಏನು ಮಾಡುತ್ತಾನೆ? ಏನೂ ಇಲ್ಲ. ಬಾಣಂತನದ ಪ್ರಶ್ನೆಯೇ ಇಲ್ಲ. ಸಣ್ಣ ಜಾತಿಗಳಲ್ಲಿ ಹತ್ತಿಪ್ಪತ್ತು, ದೊಡ್ಡವುಗಳಲ್ಲಿ ಸಾವಿರಕ್ಕೂ ಮೀರಿ ಮರಿ. ಎಲ್ಲವನ್ನೂ ನೀರಿನ ಹರಿವಿಗೆ ಬಿಟ್ಟಾಯಿತು. ಸಾವಿರಕ್ಕೆ ಐದು ಕೂಡ ದೊಡ್ಡವಾಗುವುದಿಲ್ಲ ಎಂಬ ಅಂದಾಜಿದೆ. ಅಪ್ಪ ಒಂದೆರಡು ದಿನದಲ್ಲಿ ಮತ್ತೆ ಬಸಿರು.

ಏಕಪತ್ನೀವ್ರತದ ಕಥೆಗೂ ಒಂದು ಆಧಾರ ಇದೆ. ಕೆನಡಾದ ಅಮಾಂಡಾ ವಿನ್ಸೆಂಟ್ ಸಿಡ್ನಿಯ ಕಡಲಿನಲ್ಲಿ ಮುಳುಗಿ ಅಲ್ಲಿನ ಒಂದು ಜಾತಿಯ ಜೋಡಿಗಳನ್ನು ಗಮನಿಸಿದವರು. ಬಸಿರಿನ ದಿನಗಳಲ್ಲಿ ಹೆಣ್ಣು ಪ್ರತಿ ಬೆಳಿಗ್ಗೆ ಗಂಡಿನ ಜಾಗಕ್ಕೆ ಬರುತ್ತದೆ. ಇಬ್ಬರೂ ಬಣ್ಣ ಬದಲಿಸುತ್ತಾರೆ, ಒಂದೇ ಹುಲ್ಲಿಗೆ ಬಾಲ ಸುತ್ತಿ ಸುತ್ತುತ್ತಾರೆ, ಕೆಲವು ನಿಮಿಷದಲ್ಲಿ ಹೆಣ್ಣು ಹೊರಟುಹೋಗುತ್ತದೆ. ಕೇಳಲು ಚೆಂದ. ಆದರೆ ಇದರಲ್ಲಿ ವ್ಯವಹಾರವೂ ಇದೆ. ಹೆಣ್ಣು ಮೊಟ್ಟೆಗೆ ನೀರು ತುಂಬಿಸಿ ಸಿದ್ಧಮಾಡಿದ ಮೇಲೆ ಹೆಚ್ಚು ಹೊತ್ತು ಇಟ್ಟುಕೊಳ್ಳಲಾಗದು. ಗಂಡಿನ ಚೀಲ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮೊಟ್ಟೆ ತಯಾರಿರಬೇಕು, ಇಲ್ಲವಾದರೆ ಅಷ್ಟೂ ತಳಕ್ಕೆ ಬಿದ್ದು ಹಾಳು. ದಿನಾ ಭೇಟಿಯಾದರೆ ಇಬ್ಬರ ವೇಳಾಪಟ್ಟಿ ಕೂಡುತ್ತದೆ. ಜೊತೆಗೆ, ಈಜಲು ಬಾರದ, ಅಲ್ಲೊಂದು ಇಲ್ಲೊಂದು ಇರುವ ಮೀನಿಗೆ ಪ್ರತಿ ಸಲ ಹೊಸ ಸಂಗಾತಿ ಹುಡುಕುವುದು ಸುಲಭವೂ ಅಲ್ಲ. ಎಲ್ಲ ಜಾತಿಗಳೂ ಹೀಗಿಲ್ಲ ಬೇರೆ. ಆಸ್ಟ್ರೇಲಿಯದ ಡೊಳ್ಳುಹೊಟ್ಟೆಯ ದೊಡ್ಡ ಕಡಲಕುದುರೆಗೆ ಈ ವ್ರತ ಇಲ್ಲ.

ಇನ್ನೊಂದು ತಮಾಷೆ. ಗಂಡು ಬಸಿರಾಗುತ್ತದೆ ಎಂದ ಕೂಡಲೇ ಎಲ್ಲವೂ ಅದಲುಬದಲು ಅಂದುಕೊಳ್ಳುತ್ತೇವೆ, ಅಲ್ವಾ? ಕಡಲಕುದುರೆಯಲ್ಲಿ ಹಾಗಿಲ್ಲ. ಸಂಗಾತಿಗಾಗಿ ಜಾಸ್ತಿ ಜಗಳವಾಡುವುದು ಗಂಡುಗಳೇ. ಬಾಲ ಹಾಕಿ ಜಗ್ಗಾಡುತ್ತವೆ, ಮೂತಿಯಿಂದ ಕುಟುಕುತ್ತವೆ. ಅದಲುಬದಲು ನೋಡಬೇಕೆಂದರೆ ಪೈಪ್‌ಫಿಶ್ ಹತ್ತಿರ ಹೋಗಬೇಕು.

ಪೈಪ್‌ಫಿಶ್ ಇವುಗಳ ದೊಡ್ಡಪ್ಪನ ಮಕ್ಕಳು. ಕುಟುಂಬದಲ್ಲಿ ಸುಮಾರು 300 ಜಾತಿ, ಹೆಚ್ಚಿನವು ಪೈಪ್‌ಫಿಶ್‌ಗಳೇ. ಕಡಲಕುದುರೆ 50ರ ಒಳಗೆ. ಗಂಗೆ, ಬ್ರಹ್ಮಪುತ್ರದ ಸಿಹಿನೀರಿನಲ್ಲೂ ಪೈಪ್‌ಫಿಶ್ ಇದೆ. ಇವುಗಳಲ್ಲಿ ಗಂಡಿನ ಬಸಿರು ಹೇಗೆ ಬೆಳೆದು ಬಂದಿರಬಹುದು ಎಂಬುದರ ಒಂದೊಂದು ಮೆಟ್ಟಿಲೂ ಇವತ್ತಿಗೂ ಬದುಕಿದೆ. ಕೆಲವು ಜಾತಿಯ ಗಂಡುಗಳ ಹೊಟ್ಟೆಗೆ ಮೊಟ್ಟೆ ಬರೀ ಅಂಟಿಕೊಂಡಿರುತ್ತದೆ, ಮುಚ್ಚಳವಿಲ್ಲ. ಕೆಲವಕ್ಕೆ ಎರಡು ಕಡೆಯಿಂದ ಚರ್ಮದ ಮಡಿಕೆ ಬಂದು ಅರೆಬರೆ ಮುಚ್ಚುತ್ತದೆ. ಪೂರ್ತಿ ಮುಚ್ಚಿದ ಚೀಲ ಕಡಲಕುದುರೆಯದು. ಆಸ್ಟ್ರೇಲಿಯದ ಸೀ ಡ್ರ್ಯಾಗನ್, ಎಲೆ ಎಲೆಯಾಗಿ ತೇಲುವ ಆ ಚೆಲುವ, ಮೊಟ್ಟೆಗಳನ್ನು ಬಾಲದಡಿ ಬಯಲಿನಲ್ಲೇ ಹೊತ್ತು ತಿರುಗುತ್ತದೆ.

ಹಲವು ಪೈಪ್‌ಫಿಶ್‌ಗಳಲ್ಲಿ ಗಂಡಿಗಾಗಿ ಹೆಣ್ಣುಗಳು ಪೈಪೋಟಿ ನಡೆಸುತ್ತವೆ, ಹೆಣ್ಣಿಗೇ ಅಲಂಕಾರ ಹೆಚ್ಚು. ಅಪ್ಪನ ಆದರ್ಶ ಇಲ್ಲಿ ಪೂರ್ತಿ ಕುಸಿಯುತ್ತದೆ. ಮೆಕ್ಸಿಕೊ ಕೊಲ್ಲಿಯ ಒಂದು ಪೈಪ್‌ಫಿಶ್ ಮೇಲೆ ನಡೆದ ಅಧ್ಯಯನ 2010ರಲ್ಲಿ 'ನೇಚರ್'ನಲ್ಲಿ ಬಂತು. ದೊಡ್ಡ ಮೈಯ, ಗಂಡಿಗೆ ಮೆಚ್ಚುಗೆಯಾದ ಹೆಣ್ಣಿನ ಮೊಟ್ಟೆಗಳು ಚೀಲದಲ್ಲಿ ಚೆನ್ನಾಗಿ ಉಳಿದವು. ಅಷ್ಟಾಗಿ ಮೆಚ್ಚದ ಹೆಣ್ಣಿನ ಭ್ರೂಣಗಳು ಹೆಚ್ಚು ಸತ್ತವು. ಒಂದು ಬಸಿರಿಗೆ ಹೆಚ್ಚು ಸುರಿದ ಗಂಡು ಮುಂದಿನದರಲ್ಲಿ ಕೈ ಬಿಗಿಹಿಡಿಯಿತು. ಯುರೋಪಿನ ಇನ್ನೊಂದು ಜಾತಿಯಲ್ಲಿ ಭ್ರೂಣದ ಪೋಷಕಾಂಶ ವಾಪಸ್ ಅಪ್ಪನ ಮೈಗೆ ಸೇರುವುದನ್ನೇ ಗುರುತು ಹಚ್ಚಿ ತೋರಿಸಿದರು. ಅದೇ ಚೀಲ ಉಣಿಸುತ್ತದೆ, ಅದೇ ಚೀಲ ಉಣ್ಣುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಮುಂದಿನ ಬೆಂಚಿನಿಂದ 'ಅಯ್ಯೋ ಮೇಡಂ!' ಅಂತ ದನಿ ಬರುತ್ತದೆ. ಅಯ್ಯೋ ಅನ್ನುವಂಥದ್ದೇನಿಲ್ಲ. ಮೀನು ನಮ್ಮನ್ನು ಮೆಚ್ಚಿಸಲು ಬದುಕುತ್ತಿಲ್ಲ.

ಬಸಿರಿಗೆ ಮೈಯೇ ಒಂದು ಅಡ್ಡಿ. ಒಳಗಿರುವ ಮರಿಯಲ್ಲಿ ಅರ್ಧ ಇನ್ನೊಬ್ಬರದು. ಪರಕೀಯವನ್ನು ಕಂಡರೆ ಹೊಡೆಯುವುದು ರೋಗನಿರೋಧಕ ವ್ಯವಸ್ಥೆಯ ಕೆಲಸ. ನಮ್ಮಲ್ಲಿ ತಾಯಿಯ ಮೈ ಆ ಕಾವಲನ್ನು ಆ ಕಾಲಕ್ಕೆ, ಆ ಜಾಗದಲ್ಲಿ ಮಾತ್ರ ಸಡಿಲಿಸುತ್ತದೆ. ಕೆಲವು ಪೈಪ್‌ಫಿಶ್‌ಗಳು ಒಂದು ಹೆಜ್ಜೆ ಮುಂದೆ ಹೋಗಿ ಕಾವಲಿನ ಒಂದು ಭಾಗವನ್ನೇ ಕಿತ್ತುಹಾಕಿವೆ. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಇರಲೇಬೇಕು ಅಂದುಕೊಂಡಿದ್ದ ಎಂಎಚ್‌ಸಿ-2 ಜೀನುಗಳು, ಅಂದರೆ ಪರಕೀಯವನ್ನು ಕಾವಲಿಗೆ ತೋರಿಸಿಕೊಡುವ ಜೀನುಗಳು, ಅವುಗಳಲ್ಲಿ ಇಲ್ಲ. ಕಡಲಕುದುರೆ ಅವನ್ನು ಕಳೆದುಕೊಂಡಿಲ್ಲ, ಆದರೆ ಅವುಗಳ ಜೊತೆ ಕೆಲಸ ಮಾಡುವ ಇನ್ನೊಂದು ಭಾಗ ಬದಲಾಗಿದೆ. 2020ರಲ್ಲಿ ಬಂದ ಈ ಅಧ್ಯಯನ ಓದಿದ ಮೇಲೆ ನಾನು ಈ ಕುಟುಂಬದ ಅಭಿಮಾನಿಯಾದೆ. ಆ ಜೀನಿಲ್ಲದೆ ಸೂಕ್ಷ್ಮಾಣುಗಳಿಂದ ತುಂಬಿದ ಕಡಲಲ್ಲಿ ಆ ಪೈಪ್‌ಫಿಶ್ ಬದುಕಿರುವುದೇ ಸೋಜಿಗ.

ಕಳೆದುಕೊಳ್ಳುವುದು ಇವಕ್ಕೆ ಹೊಸದಲ್ಲ. 2016ರಲ್ಲಿ ಹುಲಿಬಾಲದ ಕಡಲಕುದುರೆಯ ಜೀನೋಮ್ ಓದಿದಾಗ ಹೊಟ್ಟೆ ರೆಕ್ಕೆ ಬೆಳೆಸುವ ಟಿಬಿಎಕ್ಸ್-4 ಜೀನ್ ಇರಲಿಲ್ಲ. ಅದೇ ಜೀನನ್ನು ಜೀಬ್ರಾ ಮೀನಿನಲ್ಲಿ ಕೆಡಿಸಿದರೆ ಅದಕ್ಕೂ ಆ ರೆಕ್ಕೆ ಬರಲಿಲ್ಲ. ಹಲ್ಲಿನ ಎನಾಮಲ್ ಕವಚಕ್ಕೆ ಬೇಕಾದ ಜೀನುಗಳೂ ಹೋಗಿದ್ದವು.

ನೆಂಟರಲ್ಲಿ ಒಬ್ಬಳನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಗೋಸ್ಟ್ ಪೈಪ್‌ಫಿಶ್ ಅಂತ ಪಕ್ಕದ ಕುಟುಂಬ. ಕೊಳೆತ ಎಲೆಯ ಹಾಗೆ ತಲೆಕೆಳಗಾಗಿ ತೇಲುತ್ತದೆ. ಇದರಲ್ಲಿ ಮೊಟ್ಟೆ ಹೊರುವುದು ಹೆಣ್ಣು. ಹೊಟ್ಟೆಯ ಎರಡು ರೆಕ್ಕೆ ಸೇರಿಸಿ ಚೀಲ ಮಾಡಿಕೊಳ್ಳುತ್ತದೆ. ಅಂದರೆ ಕಡಲಕುದುರೆ ಕಳೆದುಕೊಂಡ ಆ ರೆಕ್ಕೆಯೇ ಇವಳ ತೊಟ್ಟಿಲು.

ಈಗ ಕಾನೂನು. 2001ರಿಂದ ಭಾರತದಲ್ಲಿ ಕಡಲಕುದುರೆ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ. ಅಂತರರಾಷ್ಟ್ರೀಯ ವ್ಯಾಪಾರಕ್ಕೂ 2004ರಿಂದ ಸೈಟಿಸ್ ಒಪ್ಪಂದದ ಅಂಕೆ ಇದೆ. ಒಣಗಿಸಿದ ಕಡಲಕುದುರೆಗೆ ಚೀನೀ ಔಷಧಿಯಲ್ಲಿ ಬೇಡಿಕೆ. ನಮ್ಮಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ತಮಿಳುನಾಡಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಕಡೆ. ಆದ್ದರಿಂದ ಬೆಂಗಳೂರಿನಲ್ಲಿ ಯಾರಾದರೂ ಅಕ್ವೇರಿಯಂಗೆ ಅಂತ ಕಡಲಕುದುರೆ ತೋರಿಸಿದರೆ ತೆಗೆದುಕೊಳ್ಳಬೇಡಿ. ಅದು ಅಪರಾಧ, ಮೇಲಾಗಿ ದಿನವಿಡೀ ಜೀವಂತ ಆಹಾರ ಹಾಕುತ್ತಾ ಕೂರಲು ನಿಮ್ಮಿಂದಾಗದು.

ಆದರೆ ಬಲೆಗೆ ಕಾಯ್ದೆ ಓದಲು ಬರುವುದಿಲ್ಲ. 22 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.7 ಕೋಟಿ ಕಡಲಕುದುರೆ ಸಿಗುತ್ತದೆ ಅಂತ ವಿನ್ಸೆಂಟ್ ಅವರ ತಂಡ ಅಂದಾಜಿಸಿದೆ. ಹೆಚ್ಚಿನವನ್ನು ಯಾರೂ ಹುಡುಕಿ ಹಿಡಿದದ್ದಲ್ಲ. ತಳ ಗೋರುವ ಟ್ರಾಲ್ ಬಲೆಯಲ್ಲಿ ಸಿಗಡಿಯ ಜೊತೆ ಬಂದದ್ದು. ಬಾಲ ಸುತ್ತಿ ಕೂತ ಹುಲ್ಲೂ ಅದರ ಜೊತೆಗೇ ಬಂದಿರುತ್ತದೆ.

ನಮ್ಮ ಕ್ಲಾಸಿನಲ್ಲಿ ಕುಂದಾಪುರ ಕಡೆಯ ಹುಡುಗ ಒಬ್ಬನಿದ್ದ. ಅವರ ಮಾವನದು ಬೋಟು. ನಾನು ಮಳೆಗಾಲದ ಮೀನುಗಾರಿಕೆ ರಜೆಯ ಬಗ್ಗೆ ಹೇಳುತ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ದಡದ ಹತ್ತಿರದ ನೀರು ವರ್ಷವಿಡೀ ನಾಡದೋಣಿಗಳಿಗೆ ಮೀಸಲು, ಅದನ್ನು ಸರಿಯಾಗಿ ಪಾಲಿಸಿದರೆ ಇಂಥ ಮೀನಿಗೆ ಎಲ್ಲಕ್ಕಿಂತ ಹೆಚ್ಚು ಲಾಭ ಅಂತ. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಹೇಳಿದ, 'ಡೀಸೆಲ್ ರೇಟು ನೋಡಿ ಮೇಡಂ. ದೂರ ಹೋದ್ರೆ ಏನೂ ಉಳಿಯಲ್ಲ. ಎಲ್ರೂ ಹತ್ರಾನೇ ಎಳೀತಾರೆ. ಕಡಲಕುದುರೆ ಸಿಕ್ಕಿದ್ರೆ ಕಸದ ಮೀನಿನ ಜೊತೆ ಫಿಶ್‌ಮೀಲ್ ಲಾರಿಗೆ ಹೋಗತ್ತೆ, ಯಾರೂ ಆರಿಸಕ್ಕೆ ಕೂರಲ್ಲ.'